ತುರ್ತಾಗಿ ಹೊರಗೆ ಹೋಗಲು

ಗಡಿನಾಡಿನ ಮಂಗಲ್ಪಾಡಿ ಪಂಚಾಯತಿನಲ್ಲಿ, ಹೆದ್ದಾರಿಯಿಂದ ಒಂದೂವರೆ ಕಿಲೋಮೀಟರ್ ಒಳಗೆ ಅಲೋಶಿಯಸ್ ಕ್ರಾಸ್ತಾ ಅವರ ಮನೆ. ಮೂರು ಕೋಣೆ, ಒಂದು ಅಡುಗೆಮನೆ, ಮುಂದೆ ಚಿಕ್ಕ ಜಗಲಿ. ಮುಂಬಾಗಿಲ ಮೇಲೆ, ಒಳಬದಿಯಲ್ಲಿ, ಯೇಸುವಿನ ಪಟಕ್ಕೂ ಗೋಡೆ ಗಡಿಯಾರಕ್ಕೂ ನಡುವೆ ಒಂದು ಹಸಿರು ಪೆಟ್ಟಿಗೆ ದೀಪ ಹಗಲೂ ರಾತ್ರಿಯೂ ಉರಿಯುತ್ತಿರುತ್ತದೆ. ಅದರಲ್ಲಿ ಬಿಳಿ ಬಣ್ಣದ ಮನುಷ್ಯನೊಬ್ಬ ಬಾಗಿಲಿನತ್ತ ಓಡುತ್ತಿದ್ದಾನೆ. ಹಿಂಬಾಗಿಲ ಮೇಲೆ ಅಂಥವನೇ ಇನ್ನೊಬ್ಬ ಓಡುತ್ತಿದ್ದಾನೆ. ಮನೆಯಲ್ಲಿರುವವರು ಇಬ್ಬರು, ಬಾಗಿಲೂ ಎರಡು. ದಾರಿ ತಪ್ಪುವ ಸಂಭವ ಕಡಿಮೆ.

ದೀಪದಿಂದ ಏನಾದರೂ ಪ್ರಯೋಜನವಾಗಿದೆಯೇ ಎಂದರೆ ಅಲೋಶಿಯಸರ ಪತ್ನಿ ಫೆಲ್ಸಿ ಅಕ್ಕಿ ಆರಿಸುವುದನ್ನು ನಿಲ್ಲಿಸದೆ ಉತ್ತರ ಕೊಡುತ್ತಾರೆ. "ಮನೆಗೆ ಬಂದ ನೆಂಟರು ಅದನ್ನು ನೋಡಿ ಬೇಗ ಎದ್ದು ಹೋಗ್ತಾರೆ. ಅಷ್ಟು ಉಪಕಾರ ಉಂಟು."

ಅಲೋಶಿಯಸರಿಗೆ ಈಗ ಅರುವತ್ತೊಂದು. ೧೯೯೬ರಿಂದ ೨೦೧೦ರವರೆಗೆ ಅವರು ಕುವೈತಿನಲ್ಲಿದ್ದರು. ಅಲ್ಲಿ ಅವರ ಕೆಲಸ ಬಹುಮಹಡಿ ಕಟ್ಟಡಗಳ ನಿರ್ಗಮನ ದೀಪಗಳನ್ನು ನೋಡಿಕೊಳ್ಳುವುದು. ಕರೆಂಟು ಹೋದಾಗ, ಹೊಗೆ ತುಂಬಿದಾಗ, ಒಳಗಿದ್ದವರಿಗೆ ಬಾಗಿಲು ಎಲ್ಲಿದೆ ಎಂದು ತೋರಿಸುವ ಬ್ಯಾಟರಿ ದೀಪಗಳವು. ಹನ್ನೆರಡು ಕಟ್ಟಡ, ಎರಡು ಸಾವಿರದ ನೂರ ನಲವತ್ತು ದೀಪ. ಪ್ರತಿಯೊಂದಕ್ಕೂ ಕೆಳಗೆ ಕಡಲೆಯಷ್ಟು ಚಿಕ್ಕ ಗುಂಡಿ. ತಿಂಗಳಿಗೊಮ್ಮೆ ಏಣಿ ಇಟ್ಟು ಹತ್ತಿ ಆ ಗುಂಡಿಯನ್ನು ಒತ್ತಬೇಕು. ದೀಪ ಬ್ಯಾಟರಿಯಲ್ಲಿ ಉರಿದರೆ ಪುಸ್ತಕದಲ್ಲಿ ಸರಿ ಎಂದು ಗುರುತು ಹಾಕಿ ಏಣಿ ಇಳಿಯಬೇಕು. ಹದಿನಾಲ್ಕು ವರ್ಷಗಳಲ್ಲಿ ಅವರು ಮೂರೂವರೆ ಲಕ್ಷಕ್ಕೂ ಹೆಚ್ಚು ಸಲ ಗುಂಡಿ ಒತ್ತಿದ್ದಾರೆ. ಆ ಹನ್ನೆರಡು ಕಟ್ಟಡಗಳಲ್ಲಿ ಒಂದಕ್ಕೂ ಬೆಂಕಿ ಬೀಳಲಿಲ್ಲ.

ಅದು ಒಳ್ಳೆಯ ಸುದ್ದಿ. ಅಲೋಶಿಯಸರೂ ಹಾಗೆಯೇ ಹೇಳುತ್ತಾರೆ, ಸ್ವಲ್ಪ ತಡೆದು.

"ಬೆಂಕಿ ಬೀಳಬೇಕು ಅಂತ ಅಲ್ಲ, ದೇವರಾಣೆ ಅಲ್ಲ. ಆದರೆ ಹದಿನಾಲ್ಕು ವರ್ಷ ಅಡುಗೆ ಮಾಡಿದವನಿಗೆ ಒಬ್ಬನಾದ್ರೂ ಕೂತು ಉಣ್ಣುವುದನ್ನು ನೋಡುವ ಅಂತ ಆಗ್ತದಲ್ಲ? ನನ್ನ ದೀಪ ನೋಡಿಕೊಂಡು ಒಬ್ಬ ಮನುಷ್ಯ ಹೊರಗೆ ನಡೆದದ್ದನ್ನು ನಾನು ನೋಡ್ಲೇ ಇಲ್ಲ."

ಈ ಆಸೆಯನ್ನು ಹೊತ್ತುಕೊಂಡೇ ಅವರು ಊರಿಗೆ ಬಂದರು. ಬಂದವರು ಉಪ್ಪಳದ ಅಂಗಡಿಗಳಿಗೆಲ್ಲ ಒಂದು ಸುತ್ತು ಹಾಕಿದರು. ಅಲ್ಲಿ ಅವರಿಗೆ ಮೊದಲ ತೊಡಕಾದದ್ದು ಒಂದು ಶಬ್ದ. ಈ ಸೀಮೆಯಲ್ಲಿ ಎಮರ್ಜೆನ್ಸಿ ಎಂದರೆ ಕರೆಂಟು ಹೋದಾಗ ಊಟದ ಮೇಜಿನ ಮೇಲಿಡುವ ಚಾರ್ಜಿನ ಲಾಟೀನು. ಪ್ರತಿ ಮನೆಯಲ್ಲೂ ಒಂದಿದೆ, ಕೆಲವರಲ್ಲಿ ಎರಡಿವೆ. ಅಲೋಶಿಯಸರು ಎಮರ್ಜೆನ್ಸಿ ಲೈಟ್ ಎಂದು ಬಾಯಿ ತೆರೆದ ಕೂಡಲೇ ಅಂಗಡಿಯವರು ತಮ್ಮದನ್ನು ತೋರಿಸುತ್ತಿದ್ದರು.

"ಅದು ಕೂತುಕೊಳ್ಳುವವರಿಗೆ. ಇದು ಎದ್ದು ಹೋಗುವವರಿಗೆ," ಎಂದು ಅಲೋಶಿಯಸರು ವಿವರಿಸುತ್ತಿದ್ದರು.

ಬಟ್ಟೆ ಅಂಗಡಿಯ ವಾಸಪ್ಪ ಇದನ್ನು ಗಮನವಿಟ್ಟು ಕೇಳಿದರು. ಊರಿನ ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವ ಹಾಗೆಯೇ ಕರೆದು ಹೇಳಿದರು: "ಪೊರ್ಬುಗಳೇ, ಗಿರಾಕಿ ಒಳಗೆ ಬರುವ ಲೈಟ್ ಉಂಟಾದ್ರೆ ಹೇಳಿ. ಹೊರಗೆ ಹೋಗ್ಲಿಕ್ಕೆ ಅವರಿಗೆ ಯಾರೂ ತೋರಿಸಿ ಕೊಡಬೇಕಾಗಿಲ್ಲ."

ಮೂರು ವರ್ಷ ಅಲೋಶಿಯಸರು ಮನೆಗಳ ವಯರಿಂಗ್ ಮಾಡಿಕೊಂಡಿದ್ದರು. ಕುವೈತಿನಿಂದ ತಂದಿದ್ದ ಎರಡು ದೀಪಗಳು ಅವರ ಮನೆಯ ಎರಡು ಬಾಗಿಲುಗಳಿಗೇ ಸಂದವು.

ಅದೃಷ್ಟದ ಬಾಗಿಲು ತೆರೆದದ್ದು ೨೦೧೪ರ ಮಾರ್ಚಿನಲ್ಲಿ. ಲೋಕನಾಥ ಶೆಟ್ಟರು ಬಂದ್ಯೋಡಿನ ಒಳರಸ್ತೆಯಲ್ಲಿ ಆರುನೂರು ಜನ ಹಿಡಿಸುವ ಆಡಿಟೋರಿಯಂ ಕಟ್ಟಿಸಿದ್ದರು. ಹವಾನಿಯಂತ್ರಣ ಇದೆ ಎಂಬುದು ಅದರ ಹೆಮ್ಮೆ. ತಂಪು ಸೋರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಮೇಲಿಂದ ದಪ್ಪ ಪರದೆ ಇಳಿಬಿಟ್ಟಿದ್ದರು. ದೀಪ ಆರಿಸಿದರೆ ನಡುಹಗಲಲ್ಲೂ ಸಿನಿಮಾ ತೋರಿಸಬಹುದಿತ್ತು. ಅಗ್ನಿಶಾಮಕ ದಳದವರು ಬಂದು ನೋಡಿ, ನಿರ್ಗಮನ ದೀಪವಿಲ್ಲದೆ ಎನ್‌ಒಸಿ ಇಲ್ಲ ಎಂದರು. ಅಂಥ ದೀಪದ ಬಗ್ಗೆ ಊರಲ್ಲಿ ಮೂರು ವರ್ಷದಿಂದ ಮಾತಾಡುತ್ತಿದ್ದವರು ಒಬ್ಬರೇ ಆದ್ದರಿಂದ ಶೆಟ್ಟರು ಅಲೋಶಿಯಸರಿಗೆ ಫೋನು ಮಾಡಿದರು.

ಏಳು ದೀಪ. ಎರಡು ಮುಂಬಾಗಿಲ ಕಡೆಗೆ, ಉಳಿದವು ಹಾಲಿನ ಉದ್ದಕ್ಕೂ ಬಾಣದ ಗುರುತಿನೊಂದಿಗೆ ವೇದಿಕೆಯ ಪಕ್ಕದ ಹಿಂಬಾಗಿಲಿಗೆ. ಅಲೋಶಿಯಸರು ನಾಲ್ಕು ದಿನ ತೆಗೆದುಕೊಂಡರು. ಒಂದೇ ದಿನದ ಕೆಲಸವಾಗಿತ್ತು.

ದೀಪದ ಮೇಲೆ ಮಲಯಾಳದಲ್ಲಿ 'ಹೊರಕ್ಕೆ' ಎಂಬರ್ಥದ ಒಂದೇ ಪದವಿತ್ತು. ಇದು ಭಾಷಾ ಅಲ್ಪಸಂಖ್ಯಾತರ ಪ್ರದೇಶ, ಕನ್ನಡವೂ ಬೇಕು ಎಂದು ಪಂಚಾಯತಿನವರು ಕೇಳಿದರು. ಆಗ ಆಡಿಟೋರಿಯಂನ ಆಫೀಸು ಕೋಣೆಯಲ್ಲಿ ಒಂದು ಸಭೆ ಸೇರಿತು. ಶೆಟ್ಟರು, ಅಲೋಶಿಯಸರು, ಮತ್ತು ನಿವೃತ್ತ ಕನ್ನಡ ಅಧ್ಯಾಪಕರಾದ ಕೂಸಪ್ಪ ಮಾಷ್ಟ್ರು. ಊರಿನ ಮದುವೆ ಕಾಗದಗಳ ಒಕ್ಕಣೆಯನ್ನೂ ಶ್ರದ್ಧಾಂಜಲಿಗಳ ಒಕ್ಕಣೆಯನ್ನೂ ಬರೆದುಕೊಡುವವರು ಮಾಷ್ಟ್ರೇ.

"ತುರ್ತು ನಿರ್ಗಮನ," ಎಂದರು ಮಾಷ್ಟ್ರು. "ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?"

ಶೆಟ್ಟರ ಮುಖ ಸಣ್ಣದಾಯಿತು. "ಹೋದ ತಿಂಗಳು ನಮ್ಮ ಮಾವ ತೀರಿಕೊಂಡಾಗ ಪೇಪರಿಗೆ ಎಂತ ಬರೆದು ಕೊಟ್ಟಿರಿ ಮಾಷ್ಟ್ರೇ?"

"ಅವರ ನಿರ್ಗಮನದಿಂದ ಊರಿಗೆ ತುಂಬಲಾರದ ನಷ್ಟ ಅಂತ."

"ಆ ಶಬ್ದವನ್ನು ಮದುವೆ ಹಾಲಿನಲ್ಲಿ, ಮದುಮಗಳ ತಲೆ ಮೇಲೆ, ಲೈಟ್ ಹಾಕಿ ಬರೆಯುವುದಾ? ಅದರಲ್ಲೂ ತುರ್ತು ಅಂತ."

ಮಾಷ್ಟ್ರು ಒಪ್ಪಿದರು. 'ಅಪಾಯದ ದಾರಿ' ಎಂದು ಬರೆಯಬಹುದೆಂದರು.

"ಗಂಡಿನ ಕಡೆಯವರು ಅದರಲ್ಲೇ ಒಳಗೆ ಬಂದ್ರೆ ನಮ್ಮ ಗತಿ ಎಂತ?" ಎಂದರು ಶೆಟ್ಟರು. "ದೊಡ್ಡ ದೊಡ್ಡ ಶಬ್ದ ಬೇಡ ಮಾಷ್ಟ್ರೇ. ನಮ್ಮ ಅಮ್ಮ ಓದಿದ್ರೂ ಗೊತ್ತಾಗ್ಬೇಕು. ಮನೆಯಲ್ಲಿ ಹೇಳುವ ಹಾಗೆ ಹೇಳಿ."

ಮಾಷ್ಟ್ರು ಕನ್ನಡಕ ತೆಗೆದು ಒರೆಸಿ, ಮನೆಯಲ್ಲಿ ಹೇಳುವ ಹಾಗೆ ಹೇಳಿದರು. "ತುರ್ತಾಗಿ ಹೊರಗೆ ಹೋಗಲು."

ಮೂವರಿಗೂ ಅದು ಹಿಡಿಸಿತು. ಕೊಂಕಣಿ ಪ್ರಾರ್ಥನೆಗಳನ್ನು ಕನ್ನಡ ಲಿಪಿಯಲ್ಲೇ ಓದಿ ಬೆಳೆದ ಅಲೋಶಿಯಸರು ಅದನ್ನು ಎರಡು ಸಲ ಓದಿ ನೋಡಿ, ತಪ್ಪಿಲ್ಲ ಎಂದರು. ವ್ಯಾಕರಣದ ತಪ್ಪು ನಿಜಕ್ಕೂ ಇರಲಿಲ್ಲ. ಕುಂಬಳೆಯ ಸ್ಟಿಕರ್ ಅಂಗಡಿಯಲ್ಲಿ ಏಳು ಪ್ರತಿ ಕತ್ತರಿಸಿ ತಂದು, ಓಡುವ ಮನುಷ್ಯನ ಪಕ್ಕದಲ್ಲೇ ಅಂಟಿಸಿದರು.

ಈ ಕಡೆ ನಾಲ್ಕು ಜನರ ನಡುವೆ ಕೂತವರೊಬ್ಬರು ಮೆಲ್ಲಗೆ ಎದ್ದು "ಸ್ವಲ್ಪ ಹೊರಗೆ ಹೋಗಿ ಬರ್ತೇನೆ" ಎಂದರೆ ಎಲ್ಲಿಗೆ ಎಂದು ಯಾರೂ ಕೇಳುವುದಿಲ್ಲ. ತುರ್ತು ಎಂದೂ ಸೇರಿಸಿದರೆ ಎಲ್ಲರೂ ಕಾಲು ಮಡಚಿಕೊಂಡು ದಾರಿ ಬಿಡುತ್ತಾರೆ. ಇದು ಗೊತ್ತಿಲ್ಲದವರು ಆ ಮೂವರಲ್ಲಿ ಯಾರೂ ಇರಲಿಲ್ಲ. ಆದರೆ ಆ ಹೊತ್ತಿಗೆ ಮೂವರೂ ಬೆಂಕಿಯ ಬಗ್ಗೆ ಯೋಚಿಸುತ್ತಿದ್ದರು.

ಮೊದಲ ಮದುವೆಯ ದಿನ ಬೆಳಗಿನ ಶರಬತ್ತು ಹಂಚಿದ ಮುಕ್ಕಾಲು ಗಂಟೆಗೆ ಪಂಚೆಯುಟ್ಟ ಹಿರಿಯರೊಬ್ಬರು ತಲೆಯೆತ್ತಿ ನೋಡಿದರು. ತುರ್ತಾಗಿ ಹೊರಗೆ ಹೋಗಲು. ಪಕ್ಕದಲ್ಲಿ ಬಾಣ. ಬಾಣದ ಪಕ್ಕದಲ್ಲಿ ಅವಸರದಲ್ಲಿರುವ ಒಬ್ಬ ಮನುಷ್ಯ. ಅವರು ಅವನ ಹಿಂದೆಯೇ ಹೋದರು. ಹಿಂಬಾಗಿಲ ಆಚೆ ಹಿತ್ತಿಲಿತ್ತು, ಒಂದು ಹಲಸಿನ ಮರವಿತ್ತು, ಅದರಾಚೆ ಕಲ್ಲಿನ ಆವರಣ ಗೋಡೆಯಿತ್ತು. ಹೊಸ ಕಟ್ಟಡವಾದರೂ ಈ ವ್ಯವಸ್ಥೆ ಮಾತ್ರ ಹಳೆಯ ಕಾಲದ್ದು ಎಂದುಕೊಂಡು ಅವರು ಇದ್ದುದರಲ್ಲಿ ಸುಧಾರಿಸಿ ಮರಳಿದರು. ಅವರನ್ನು ನೋಡಿ ಇನ್ನಿಬ್ಬರು ಹೋದರು. ಮಲಯಾಳದ ಪದವನ್ನು ಮಾತ್ರ ಓದಿದವರು ಮೊದಮೊದಲು ಮೋಸಹೋಗಲಿಲ್ಲ. ಆದರೆ ಅಷ್ಟು ಜನ ಹೋಗುವುದನ್ನು ಕಂಡು ಅವರೂ ಎದ್ದರು.

ನಿಜವಾದ ಶೌಚಾಲಯ ಇದ್ದದ್ದು ಮುಂಭಾಗದಲ್ಲಿ, ಊಟದ ಹಾಲಿನ ಮಗ್ಗುಲಲ್ಲಿ. ಅದಕ್ಕೆ ಬೋರ್ಡು ಇರಲಿಲ್ಲ.

ಇದರ ಭಾರವೆಲ್ಲ ಬಿದ್ದದ್ದು ಆಡಿಟೋರಿಯಂ ಗುಡಿಸಿ ಒರೆಸುವ ಲೋಲಾಕ್ಷಿಯ ಮೇಲೆ. ಎರಡನೇ ಮದುವೆಯ ಹೊತ್ತಿಗೆ ಲೋಲಾಕ್ಷಿ ಹಿಂಬಾಗಿಲ ಹೊರಗೆ ಒಂದು ಕುರ್ಚಿ ಹಾಕಿ, ಕೈಯಲ್ಲಿ ಹಿಡಿಸೂಡಿ ಹಿಡಿದು ಕೂತರು. ಬಾಗಿಲು ತೆರೆದಾಗಲೆಲ್ಲ "ಇಲ್ಲಿ ಅಲ್ಲ, ಆಚೆ ಬದಿ" ಎನ್ನುವುದು ಅವರ ಹೊಸ ಉದ್ಯೋಗವಾಯಿತು.

"ಪೊರ್ಬುಗಳೇ, ಆ ಓಡುವವನನ್ನು ಒಮ್ಮೆ ತೆಗೀರಿ," ಎಂದರು ತಿಂಗಳಿಗೊಮ್ಮೆ ಗುಂಡಿ ಒತ್ತಲು ಬಂದ ಅಲೋಶಿಯಸರಿಗೆ. "ಹೊಟ್ಟೆ ಹಿಡ್ಕೊಂಡು ಓಡಿದ ಹಾಗೇ ಕಾಣ್ತದೆ. ನೋಡಿದವರಿಗೆ ಇಲ್ಲದ್ದೂ ಬರ್ತದೆ."

"ಅವನು ಬೆಂಕಿಗೆ ಹೆದರಿ ಓಡುವುದು ಲೋಲಾಕ್ಷಿ."

"ಬೆಂಕಿ ಎಲ್ಲಿ ಉಂಟು ಅದರಲ್ಲಿ? ಬಾಗಿಲು ಮಾತ್ರ ಉಂಟು."

ಅಲೋಶಿಯಸರು ಒಂದು ಬಿಳಿ ಕಾಗದದಲ್ಲಿ 'ಟಾಯ್ಲೆಟ್ ಇಲ್ಲಿ ಇಲ್ಲ' ಎಂದು ದೊಡ್ಡದಾಗಿ ಬರೆದು ಬಾಗಿಲಿಗೆ ಅಂಟಿಸಿದರು. ಆ ವಾರದ ಮದುವೆಯಲ್ಲಿ ಯಾರದೋ ಭುಜ ತಾಗಿ ಕಾಗದದ ಬಲತುದಿ ಹರಿಯಿತು. 'ಟಾಯ್ಲೆಟ್ ಇಲ್ಲಿ' ಎಂಬಷ್ಟು ಉಳಿಯಿತು. ಅಂದು ಲೋಲಾಕ್ಷಿ ಊಟಕ್ಕೆ ಏಳಲಾಗಲಿಲ್ಲ.

ಹೀಗೆ ಒಂದು ವರ್ಷ ಕಳೆಯಿತು. ಉಪ್ಪಳ, ಬಂದ್ಯೋಡು, ಕುಂಬಳೆ ಕಡೆಯ ಮದುವೆಗಳು ಅಲ್ಲೇ ನಡೆದವು. ಒಂದಲ್ಲ ಒಂದು ಮದುವೆಗೆ ಹೋಗಿ ಆ ಬಾಗಿಲನ್ನು ಒಮ್ಮೆ ದಾಟಿ ಬರದ ಮನೆ ಸುತ್ತಮುತ್ತ ಉಳಿಯಲಿಲ್ಲ. ಬೋರ್ಡನ್ನು ಬದಲಿಸೋಣವೆಂದು ಮಾಷ್ಟ್ರನ್ನು ಮತ್ತೆ ಕರೆದರು. 'ಬಹಿರ್ಗಮನ' ಎಂದರೆ ಹೇಗೆ ಎಂದು ಮಾಷ್ಟ್ರು ಕೇಳಿದರು. ಶೆಟ್ಟರು ಅವರಿಗೆ ಚಾ ತರಿಸಿ ಕುಡಿಸಿ ಕಳಿಸಿದರು.

೨೦೧೫ರ ಮೇ ತಿಂಗಳಲ್ಲಿ ಮಂಗಳೂರಿನಿಂದ ಬಂದ ಮದುಮಗನ ತಂದೆ ಧಾರೆಯ ಹೊತ್ತಿಗೆ ಕಾಣೆಯಾದರು. ಹತ್ತು ನಿಮಿಷ ಹುಡುಕಿದ ಮೇಲೆ ಹಲಸಿನ ಮರದ ಹಿಂದೆ ಸಿಕ್ಕಿದರು. ಪುರೋಹಿತರು ಮುಹೂರ್ತ ಮೀರಿತು ಎಂದರು. ಮರುದಿನ ಶೆಟ್ಟರು ಅಲೋಶಿಯಸರನ್ನು ಕರೆಸಿದರು.

"ಇನ್ನು ಆಗ್ಲಿಕ್ಕಿಲ್ಲ ಪೊರ್ಬುಗಳೇ. ಏಳೂ ಲೈಟ್ ತೆಗೀರಿ. ಹಿಂಬಾಗಿಲಿಗೆ ಬೀಗ ಹಾಕ್ತೇನೆ. ಫೈರಿನವರು ಬರುವಾಗ ಒಂದು ದಿನ ನೇತು ಹಾಕುವ."

"ಬೀಗ ಹಾಕಿದ್ರೆ ಆರುನೂರು ಜನಕ್ಕೆ ಒಂದೇ ಬಾಗಿಲು ಶೆಟ್ರೇ."

"ನಮ್ಮ ಅಜ್ಜನ ಮನೆಗೂ ಒಂದೇ ಬಾಗಿಲು ಇದ್ದದ್ದು."

"ಆ ಮನೆಯಲ್ಲಿ ಎಷ್ಟು ಜನ ಇದ್ರು?"

ಶೆಟ್ಟರು ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. "ಕೊನೇ ಭಾನುವಾರ ಬೋಜನ ಮಗಳ ಮದುವೆ ಉಂಟು. ಅದಾಗಿ ಸೋಮವಾರ ಬಂದು ತೆಗೀರಿ. ನೀವು ತೆಗಿಯದಿದ್ರೆ ಕುಂಞ ತೆಗೀತಾನೆ. ಅವನಿಗೆ ಸ್ಕ್ರೂ ಬಿಚ್ಚಲಿಕ್ಕೆ ಗೊತ್ತಿಲ್ಲ, ಎಳೆದು ತೆಗೀತಾನೆ."

ಕುಂಞ ಆಡಿಟೋರಿಯಂನ ಕಾವಲುಗಾರ. ಎಳೆದು ತೆಗೆಯುವ ಸಾಮರ್ಥ್ಯ ಅವರಿಗಿತ್ತು.

ಮನೆಯಲ್ಲಿ ಅಲೋಶಿಯಸರು ದೀಪಗಳು ಬಂದಿದ್ದ ರಟ್ಟಿನ ಪೆಟ್ಟಿಗೆಗಳನ್ನು ಹುಡುಕಿ ಧೂಳು ಒರೆಸಿಟ್ಟರು. ಊರಲ್ಲಿ ಅವರು ಹಾಕಿದ್ದು ಆ ಏಳು ದೀಪಗಳನ್ನಷ್ಟೇ. ಅವೂ ಒಂದು ಸಲವೂ ಉಪಯೋಗಕ್ಕೆ ಬರದೆ ಪೆಟ್ಟಿಗೆ ಸೇರಲಿದ್ದವು. ಫೆಲ್ಸಿ ಸಮಾಧಾನ ಹೇಳಿ ನೋಡಿದರು. "ತಂದು ಇಲ್ಲೇ ಹಾಕಿ. ಕಿಟಕಿಗಳಿಗೆ ಇನ್ನೂ ಇಲ್ಲ."

ಮೇ ಕೊನೆಯ ಭಾನುವಾರ ಬೋಜನ ಮಗಳು ಯಶ್ಮಿತಾಳ ಮದುವೆ. ಬೋಜನ ಮನೆಯ ವಯರಿಂಗ್ ಮಾಡಿದವರು ಅಲೋಶಿಯಸರೇ ಆದ್ದರಿಂದ ಅವರಿಗೂ ಫೆಲ್ಸಿಗೂ ಕರೆಯಿತ್ತು. ಅಲೋಶಿಯಸರು ಎಲ್ಲರಿಗಿಂತ ಮೊದಲು ಹೋಗಿ, ಕೊನೆಯ ಸಲವೆಂದು ಏಳೂ ಗುಂಡಿ ಒತ್ತಿದರು. ಏಳೂ ಉರಿದವು. ಬೋಜನ ಅಕ್ಕ ಹೂವಿನ ತಟ್ಟೆ ಹಿಡಿದು ಬಂದವರು, ಮದುವೆ ಮನೆಯಲ್ಲಿ ಪಂಚೆ ಎತ್ತಿ ಕಟ್ಟಿ ಏಣಿ ಹತ್ತಿದ ಮುದುಕನನ್ನು ನೋಡಿ ಏಣಿಗೆ ಸುತ್ತು ಹಾಕಿ ಮುಂದೆ ಹೋದರು.

ಮುಂಬಾಗಿಲ ಒಳಬದಿಯಲ್ಲಿ ಕರೆಂಟಿನ ದೊಡ್ಡ ಬೋರ್ಡು. ಮಂಟಪ ಅಲಂಕಾರ ಮಾಡಿದವರು ಅಂದು ನಾಲ್ಕು ದೊಡ್ಡ ಲೈಟುಗಳಿಗೆ ಅಲ್ಲಿಂದಲೇ ವಯರು ಎಳೆದು, ಜೋಡಣೆಯ ಮೇಲೆ ಝರಿಯ ಬಟ್ಟೆ ಮುಚ್ಚಿದ್ದರು. ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ, ಧಾರೆ ಮುಗಿದು ಜನ ಅಕ್ಷತೆ ಹಾಕಲು ಸಾಲುಗಟ್ಟಿದ್ದಾಗ, ಆ ಬಟ್ಟೆಯಿಂದ ಹೊಗೆ ಎದ್ದಿತು. ನಂತರ ಒಂದು ಸಣ್ಣ ಸದ್ದು. ದೀಪ, ಏಸಿ, ಮೈಕು, ನಾಗಸ್ವರದ ಸಿ.ಡಿ. ಒಟ್ಟಿಗೆ ನಿಂತವು. ಮುಂಬಾಗಿಲು ಕಪ್ಪು ಹೊಗೆಯಲ್ಲಿ ಮುಚ್ಚಿಹೋಯಿತು.

ಕತ್ತಲಲ್ಲಿ ಆರುನೂರು ಜನರಿಗೆ ಕಂಡದ್ದು ಹಸಿರು ದೀಪಗಳು. ಯಾರೂ ಓದಬೇಕಾಗಿರಲಿಲ್ಲ.

"ಮುಂದೆ ಹೋಗ್ಬೇಡಿ. ಟಾಯ್ಲೆಟಿನ ಬಾಗಿಲಲ್ಲಿ ಹೋಗುವ," ಎಂದು ಗಂಡಸಿನ ದನಿಯೊಂದು ಕೇಳಿತು. ಅದು ಯಾರೆಂದು ಈವರೆಗೆ ಗೊತ್ತಾಗಿಲ್ಲ. ಅದು ಯಾವ ಬಾಗಿಲು ಎಂದು ಮಾತ್ರ ಯಾರೂ ಕೇಳಲಿಲ್ಲ. ನೂಕುನುಗ್ಗಲಾಗಲಿಲ್ಲ. ಆ ಬಾಗಿಲಿಗೆ ಹೇಗೆ ಹೋಗಬೇಕು, ಎಲ್ಲಿ ಒಂದು ಮೆಟ್ಟಿಲು ಇಳಿಯಬೇಕು, ಚಿಲಕ ಯಾವ ಕಡೆಗೆ ತಿರುಗುತ್ತದೆ ಎಂಬುದೆಲ್ಲ ಎಲ್ಲರಿಗೂ ಕಾಲಿನ ಅಭ್ಯಾಸವಾಗಿತ್ತು. ಅಲ್ಲಿ ಒಬ್ಬರ ಹಿಂದೆ ಒಬ್ಬರು ಕಾದು ನಿಂತೂ ಗೊತ್ತಿತ್ತು.

ಹೊರಗೆ ಕುರ್ಚಿಯಲ್ಲಿ ಕೂತಿದ್ದ ಲೋಲಾಕ್ಷಿ ಮೊದಲ ಹತ್ತು ಜನರಿಗೆ "ಇಲ್ಲಿ ಅಲ್ಲ, ಆಚೆ ಬದಿ" ಎಂದರು. ಐವತ್ತು ಜನರಾದಾಗ ಎದ್ದು ನಿಂತರು. ಹಾರ ಹಾಕಿಕೊಂಡ ಮದುಮಗನೂ ಮದುಮಗಳೂ ಹೊರಗೆ ಬಂದಾಗ ಹಿಡಿಸೂಡಿ ಕೆಳಗಿಟ್ಟರು.

"ಎಂತ ಮಾರಾಯ್ರೆ, ಎಲ್ಲರಿಗೂ ಒಟ್ಟಿಗೇ ಬಂತಾ?"

"ಬೆಂಕಿ ಅಕ್ಕ," ಎಂದಳು ಯಶ್ಮಿತಾ, ಸೀರೆಯ ನೆರಿಗೆ ಎತ್ತಿ ಹಿಡಿದುಕೊಂಡು.

"ಹಾಗಾದ್ರೆ ಹೋಗಿ. ಮರದ ಹಿಂದೆ ಮಾತ್ರ ಹೋಗ್ಬೇಡಿ."

ನಾಲ್ಕು ನಿಮಿಷದಲ್ಲಿ ಆಡಿಟೋರಿಯಂ ಖಾಲಿಯಾಯಿತು. ಯಾರಿಗೂ ಗಾಯವಿಲ್ಲ. ಕುಂಞ ಹೊರಗಿನ ಮೈನ್ ಸ್ವಿಚ್ ಎಳೆದರು. ಆಮೇಲೆ ಅವರೇ, ಅಲೋಶಿಯಸರು ಹಿಂದೆ ಕಲಿಸಿಕೊಟ್ಟಿದ್ದಂತೆ, ಕೆಂಪು ಸಿಲಿಂಡರಿನ ಪುಡಿ ಸಿಂಪಡಿಸಿ ಬೆಂಕಿಯನ್ನು ಬೋರ್ಡಿನಲ್ಲೇ ನಂದಿಸಿದರು.

ಹದಿನಾಲ್ಕು ವರ್ಷ ಕುವೈತಿನಲ್ಲಿ, ಐದು ವರ್ಷ ಊರಲ್ಲಿ ಕಾದ ಗಳಿಗೆ ಇದು. ಆ ನಾಲ್ಕು ನಿಮಿಷಗಳಲ್ಲಿ ಅಲೋಶಿಯಸರು ಹಾಲಿನಲ್ಲಿರಲಿಲ್ಲ. ಹನ್ನೆರಡು ದಾಟಿ ಏಳು ನಿಮಿಷಕ್ಕೆ ಅವರು ಸ್ವಲ್ಪ ಹೊರಗೆ ಹೋಗಿ ಬರುವುದೆಂದು ಎದ್ದಿದ್ದರು. ತಾವೇ ಹಾಕಿದ ಬೋರ್ಡಿಗೆ ತಾವೇ ಮೋಸಹೋಗುವವರಲ್ಲವಾದ್ದರಿಂದ ಊಟದ ಹಾಲಿನ ಮಗ್ಗುಲಿನ ನಿಜವಾದ ಶೌಚಾಲಯಕ್ಕೆ ಹೋದರು. ಅದಕ್ಕೆ ಕಿಟಕಿಯಿಲ್ಲ. ಬಲ್ಬು ಆರಿತು. ಎಂದಿನಂತೆ ಕರೆಂಟು ಹೋಯಿತು ಎಂದುಕೊಂಡು, ಜನರೇಟರ್ ಹಾಕಿಯಾರೆಂದು ಕತ್ತಲಲ್ಲಿ ಕಾದರು. ಜನರೇಟರ್ ಬರಲಿಲ್ಲ. ಗೋಡೆ ತಡವಿದರು, ಬಕೆಟಿಗೆ ಮೊಣಕಾಲು ಬಡಿಸಿಕೊಂಡರು, ಚಿಲಕವೆಂದು ನಳ್ಳಿ ತಿರುಗಿಸಿದರು. ಹೊರಗೆ ಬರಲು ಅವರಿಗೆ ಒಂಬತ್ತು ನಿಮಿಷ ಬೇಕಾಯಿತು. ಪಂಚೆಯ ಒಂದು ಬದಿ ಒದ್ದೆಯಾಗಿತ್ತು.

ಅವರು ಊಟದ ಹಾಲನ್ನು ದಾಟಿ ದೊಡ್ಡ ಹಾಲಿಗೆ ಬಂದಾಗ ಹೊಗೆ ತೆಳುವಾಗಿತ್ತು. ಸಾಲುಸಾಲು ಖಾಲಿ ಕುರ್ಚಿ. ನೆಲದಲ್ಲಿ ಅಕ್ಷತೆ, ಒಂದು ಒಂಟಿ ಚಪ್ಪಲಿ. ಗೋಡೆಯ ಮೇಲೆ ಏಳು ಹಸಿರು ಪೆಟ್ಟಿಗೆಗಳಲ್ಲಿ ಏಳು ಮಂದಿ ಓಡುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ಅಗ್ನಿಶಾಮಕ ವಾಹನ ಬಂದಾಗ ಮಾಡಲು ಹೆಚ್ಚೇನೂ ಕೆಲಸ ಉಳಿದಿರಲಿಲ್ಲ. ಅಧಿಕಾರಿ ಸುಟ್ಟ ಬೋರ್ಡನ್ನು ನೋಡಿದರು, ಪರದೆಗಳನ್ನು ಎಳೆಸಿ ಕಿಟಕಿ ತೆರೆಸಿದರು, ಹಿಂಬಾಗಿಲ ಅಗಲ ಅಳೆದರು. ಇಷ್ಟು ಜನ ಇಷ್ಟು ಬೇಗ, ಇಷ್ಟು ಶಿಸ್ತಾಗಿ ಹೊರಬಂದದ್ದು ಅವರಿಗೆ ನಂಬಲಾಗಲಿಲ್ಲ. ಜನರಿಗೆ ಈ ಬಾಗಿಲಿನ ಅಭ್ಯಾಸ ಮಾಡಿಸಿದ್ದೀರಾ ಎಂದು ಮಲಯಾಳದಲ್ಲಿ ಕೇಳಿದರು. ಲೋಕನಾಥ ಶೆಟ್ಟರು ಒಂದು ಕ್ಷಣ ಯೋಚಿಸಿ, ಪ್ರತಿ ಮದುವೆಯಲ್ಲೂ ಆಗುತ್ತದೆ ಸಾರ್ ಎಂದರು. ಅದು ಸುಳ್ಳಲ್ಲ. ಅಧಿಕಾರಿ ಹಾಗೆಯೇ ಬರೆದುಕೊಂಡರು.

ಹಿತ್ತಿಲಲ್ಲಿ, ಹಲಸಿನ ಮರದ ನೆರಳಲ್ಲಿ, ಬೆಂಚು ಹಾಕಿ ಎಲೆ ಹಾಸಿ ಊಟ ಬಡಿಸಿದರು. ಎರಡನೇ ಪಂಕ್ತಿ ಏಳುವ ಹೊತ್ತಿಗೆ ಫೆಲ್ಸಿ ಗಂಡನನ್ನು ಕೇಳಿಕೊಂಡು ಬಂದರು. ಶೆಟ್ಟರೂ ಅವರನ್ನೇ ಹುಡುಕುತ್ತಿದ್ದರು. ಇಬ್ಬರೂ ಹಾಲಿಗೆ ಬಂದು ನೋಡಿದರೆ ಅಲೋಶಿಯಸರು ಮುಂದಿನ ಸಾಲಿನ ಕುರ್ಚಿಯಲ್ಲಿ ಒಬ್ಬರೇ ಕೂತು, ವಾಚು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು, ಗೋಡೆ ನೋಡುತ್ತಿದ್ದರು. ದೀಪಗಳ ಬ್ಯಾಟರಿಗೆ ಎರಡು ಗಂಟೆಯ ಲೆಕ್ಕ. ಗುಂಡಿ ಒತ್ತಿ ಅರ್ಧ ನಿಮಿಷ ನೋಡಿದ್ದು ಬಿಟ್ಟರೆ, ಅವು ಪೂರ್ತಿ ಉರಿಯುವುದನ್ನು ಅವರು ನೋಡಿರಲಿಲ್ಲ.

"ಊಟ ಮುಗೀತಾ ಬಂತು," ಎಂದರು ಫೆಲ್ಸಿ.

"ಇನ್ನು ನಲವತ್ತು ನಿಮಿಷ ಉಂಟು."

ಶೆಟ್ಟರು ಪಕ್ಕದ ಕುರ್ಚಿಯಲ್ಲಿ ಕೂತರು. "ನಾಳೆ ಬರುವುದು ಬೇಡ ಪೊರ್ಬುಗಳೇ. ಲೈಟ್ ಅಲ್ಲೇ ಇರಲಿ. ಬೋರ್ಡೂ ಇರಲಿ, ಒಂದಕ್ಷರ ಬದಲಿಸುವುದು ಬೇಡ."

"ಜನ ಹಿಂದೆ ಹೋಗುವುದು?"

"ಹೋಗ್ಲಿ. ಹೋಗಿ ಹೋಗಿ ಅಭ್ಯಾಸ ಇರ್ಲಿ. ಹಿತ್ತಿಲಲ್ಲೇ ನಾಲ್ಕು ಟಾಯ್ಲೆಟ್ ಕಟ್ಟಿಸ್ತೇನೆ. ಬೋರ್ಡು ಹೇಗೂ ಉಂಟು."

"ಬಾಗಿಲಿಗೆ ಅಡ್ಡ ಆಗ್ಬಾರದು. ಗೋಡೆ ಬದಿಗೆ ಕಟ್ಟಿಸಿ." ಅಲೋಶಿಯಸರು ಒದ್ದೆಯಾದ ಪಂಚೆಯನ್ನು ಮೊಣಕಾಲಿನ ಮೇಲೆ ಸರಿಮಾಡಿಕೊಂಡರು. "ಮತ್ತೆ, ಹಳೇ ಟಾಯ್ಲೆಟ್ಟಿನ ಒಳಗೂ ಒಂದು ಲೈಟ್ ಹಾಕ್ಬೇಕು."

"ಅಲ್ಲಿಗೆ ಎಂತಕ್ಕೆ? ಅಲ್ಲಿ ಯಾರು ಸಿಕ್ಕಿ ಬೀಳ್ತಾರೆ?"

ಫೆಲ್ಸಿ ಗಂಡನ ಪಂಚೆ ನೋಡಿದರು. ಮುಖ ನೋಡಿದರು.

"ಹಾಕಿಸಿ ಶೆಟ್ರೇ," ಎಂದರು.